ನೆರಿಗೆಯಮ್ಮನ ವಾಫಲ್

ಶುಕ್ರವಾರ ಸಂಜೆ ಬಂದ ಸಂದೇಶ ಭಾನುವಾರ ಬೆಳಗಾದರೂ ಅವಳನ್ನು ಕೊರೆಯುವುದು ಬಿಟ್ಟಿರಲಿಲ್ಲ. ಲಾಂಡ್ರಿಯ ಮೇಲ್ವಿಚಾರಕಿ ಬರೆದದ್ದು ಮೂರೇ ಸಾಲು. "ನಿಮ್ಮ ತಾಯಿಯ ಮೇಜನ್ನು ಆರು ವಾರದಿಂದ ಖಾಲಿ ಇಟ್ಟಿದ್ದೇನೆ. ಇನ್ನು ಇಡಲು ಆಗುವುದಿಲ್ಲ, ಸೋಮವಾರದಿಂದ ಬೇರೆಯವರನ್ನು ನಿಲ್ಲಿಸಬೇಕು. ಅವರೇನಾದರೂ ಮನಸ್ಸು ಬದಲಾಯಿಸಿದ್ದರೆ ಭಾನುವಾರ ಹನ್ನೆರಡರೊಳಗೆ ಒಂದು ಫೋನ್ ಮಾಡಿ."

ಮನಸ್ಸು ಬದಲಾಯಿಸುವುದಕ್ಕೆ ಅಮ್ಮನಿಗೆ ವಿಷಯವೇ ಗೊತ್ತಿರಲಿಲ್ಲ. "ಅಮ್ಮ ಇನ್ನು ಕೆಲಸಕ್ಕೆ ಬರೋದಿಲ್ಲ" ಎಂದು ಲಾಂಡ್ರಿಗೆ ಹೇಳಿದವಳು ಮಗಳು. ಅಮ್ಮನಿಗೆ ಅವಳು ಹೇಳಿದ್ದೇ ಬೇರೆ. "ಅವರೇ ಕರೀತಾರಂತಮ್ಮ. ಅಲ್ಲೀವರೆಗೂ ರೆಸ್ಟ್ ತಗೋಬೇಕಂತೆ." ಎರಡೂ ಮಾತು ಒಂದೇ ದಿನ, ಒಂದೇ ಬಾಯಲ್ಲಿ. ಆಡುವಾಗ ಎರಡೂ ಸರಿ ಅನ್ನಿಸಿದ್ದವು.

ಅವಳ ಸ್ವಭಾವವೇ ಅಂಥದ್ದು. ಮಗು ಎರಡು ಸಲ ಸೀನಿದರೆ ಡಾಕ್ಟರ ನಂಬರು ಹುಡುಕುವಳು. ಬೀಗ ಹಾಕಿ ಮೂರು ಮಹಡಿ ಇಳಿದವಳು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುವಳು. ಔಷಧಿ ಕಂಪನಿಯೊಂದರಲ್ಲಿ ಬಾಟಲಿಗೆ ಅಂಟಿಸುವ ಚೀಟಿಗಳನ್ನು ಓದಿ ತಪ್ಪು ಹಿಡಿಯುವುದು ಅವಳ ಉದ್ಯೋಗ. ಒಂದು ಚುಕ್ಕಿ ಆಚೀಚೆಯಾದರೂ ಯಾರ ಜೀವಕ್ಕೆ ಏನಾಗುತ್ತದೋ ಎಂದು ಒಂದೊಂದು ಚೀಟಿಯನ್ನೂ ನಾಲ್ಕು ಸಲ ಓದುತ್ತಿದ್ದಳು. ಆ ಕುರ್ಚಿಗೆ ಹೇಳಿ ಮಾಡಿಸಿದ ಸ್ವಭಾವ ಅದು. ಮನೆಯಲ್ಲಿ ಮಾತ್ರ ಎಲ್ಲರೂ ಹೇಗೋ ಹೊಂದಿಕೊಂಡು ಹೋಗಬೇಕಿತ್ತು. ಅಮ್ಮ ಅವಳಿಗೆ ಇಟ್ಟ ಹೆಸರು ಚಿಂತೆಮೂಟೆ. "ನಮ್ಮ ಚಿಂತೆಮೂಟೆ ಮನಸಾರೆ ನಕ್ಕಿದ್ದನ್ನ ನಾನು ಒಂದೇ ಸಲ ನೋಡಿರೋದು ಅಳಿಯಂದ್ರೇ. ಹಲ್ಲಿನ ಡಾಕ್ಟರು ಹಲ್ಲೆಲ್ಲ ಸರಿಯಾಗಿದೆ ಅಂದ ದಿನ" ಎಂದು ಅಳಿಯನ ಮುಂದೆ ಆಡಿಕೊಳ್ಳುತ್ತಿದ್ದಳು.

ಅಮ್ಮನಿಗೂ ಒಂದು ಹೆಸರಿತ್ತು. ಲಾಂಡ್ರಿಯಲ್ಲಿ ಅವಳು ನೆರಿಗೆಯಮ್ಮ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಎರಡು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಆ ಲಾಂಡ್ರಿಯ ಹಿಂಬಾಗಿಲಿಗೆ ಹೋಗಿ ನಿಂತವಳು. ಮೊದಲ ವರ್ಷ ಒದ್ದೆ ಹಾಸಿಗೆ ಬಟ್ಟೆಗಳನ್ನು ಬಿಡಿಸಿ ಕೊಡುವುದಷ್ಟೇ ಕೆಲಸ. ಆಮೇಲೊಂದು ದಿನ ಯಾವುದೋ ನಾಟಕಶಾಲೆಯ ಪರದೆ ಬಂತು. ಆಳೆತ್ತರದ, ನೆರಿಗೆ ನೆರಿಗೆಯ ರೇಷ್ಮೆ ಪರದೆ. ಹಿರಿಯ ಇಸ್ತ್ರಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಜಾರಿಕೊಂಡರು. ಅಮ್ಮ ಊಟದ ಡಬ್ಬಿಯನ್ನು ಬದಿಗಿಟ್ಟು ಆ ಪರದೆಯ ಮುಂದೆ ನಿಂತಳು. ಎರಡು ದಿನ ನಿಂತೇ ಇದ್ದಳು. ಮೂರನೆಯ ದಿನ ಪರದೆ ತೂಗು ಹಾಕಿದಾಗ ಒಂದು ನೆರಿಗೆಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲವಂತೆ. ಅಂದಿನಿಂದ ಮೂವತ್ತೊಂದು ವರ್ಷ, ಆ ಲಾಂಡ್ರಿಗೆ ಬಂದ ನೆರಿಗೆಯೆಲ್ಲ ಅವಳ ಮೇಜಿಗೇ.

ಆ ಮೇಜು ಮಗಳ ಕಣ್ಣಿಗೆ ಕಟ್ಟಿದಂತಿತ್ತು. ಉದ್ದನೆಯ ಕೋಣೆ, ತಲೆಯ ಮೇಲೆ ಹಬೆಯ ಕೊಳವೆಗಳು, ಸದಾ ಮಂಜು ಹಿಡಿದ ಕಿಟಕಿಗಳು. ಮೂರನೆಯ ಕಿಟಕಿಯ ಕೆಳಗೆ ಅಮ್ಮನ ಮೇಜು. ಅಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ, ಸುಕ್ಕು ಕದ್ದು ಕೂರಲು ಜಾಗ ಇರುವುದಿಲ್ಲ ಎಂದು ಅಮ್ಮ ಕೇಳಿ ಪಡೆದ ಜಾಗ. ಆ ಮೇಜಿನ ಕೆಳಗೆ, ದಿಂಬಿನ ಚೀಲಗಳ ಬುಟ್ಟಿಯಲ್ಲಿ ಮಲಗಿ ಬೆಳೆದವಳು ಮಗಳು. ಅಕ್ಷರ ಕಲಿತದ್ದೂ ಅಲ್ಲೇ, ಬಟ್ಟೆಗೆ ಪಿನ್ನು ಚುಚ್ಚಿ ಸಿಕ್ಕಿಸುವ ಚೀಟಿಗಳ ಹಿಂಬದಿಯಲ್ಲಿ.

ಆರು ವಾರದ ಹಿಂದೆ ಅಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಿದ್ದಳು. ಮಣಿಕಟ್ಟಿನಿಂದ ಮೇಲಕ್ಕೆ, ಎರಡು ಬೆರಳಗಲ ಸುಟ್ಟ ಗಾಯ. "ಏನಾಯ್ತಮ್ಮ?" ಎಂದರೆ "ಇಸ್ತ್ರಿಪೆಟ್ಟಿಗೆ ತಾಗ್ತು" ಎಂದಷ್ಟೇ ಹೇಳಿದಳು. ಅಷ್ಟು ವರ್ಷದಲ್ಲಿ ಅಂಥ ಗಾಯ ಅದೇ ಮೊದಲು. ಮಗಳ ಜೀವ ಬಾಯಿಗೆ ಬಂತು. ಅಮ್ಮನಿಗೆ ವಯಸ್ಸಾಯಿತು, ಕೈ ನಡುಗುತ್ತಿರಬೇಕು, ಕಣ್ಣು ಮಂದವಾಗಿರಬೇಕು, ಇಂದು ಕೈ, ನಾಳೆ ಮುಖ ಎಂದು ಅವಳ ಯೋಚನೆ ಓಡಿತು. ಗಾಯ ಹದಿನೈದು ದಿನಕ್ಕೆ ಒಣಗಿತು. ಮಗಳ ಭಯ ಒಣಗಲಿಲ್ಲ. ಅಷ್ಟರಲ್ಲಿ ಅವಳು ಲಾಂಡ್ರಿಗೆ ಫೋನ್ ಮಾಡಿ ಆ ಮಾತು ಹೇಳಿಯಾಗಿತ್ತು.

ಅಂದಿನಿಂದ ಅಮ್ಮ ಮಗಳ ಮನೆಯಲ್ಲೇ ಇದ್ದಳು, ಕರೆ ಬರುವುದನ್ನು ಕಾಯುತ್ತ. ಬೆಳಗ್ಗೆ ಏಳೂವರೆಗೆ ತಲೆ ಬಾಚಿ, ಸೆರಗು ಸಿಕ್ಕಿಸಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುವಳು. ಒಂಬತ್ತಾದರೂ ಯಾರೂ ಕರೆಯದಿದ್ದರೆ ಎದ್ದು ಇಸ್ತ್ರಿಪೆಟ್ಟಿಗೆಯ ಪ್ಲಗ್ ಹಾಕುವಳು. ಆರು ವಾರದಲ್ಲಿ ಆ ಮನೆಯಲ್ಲಿ ಇಸ್ತ್ರಿ ಕಾಣದ ಬಟ್ಟೆಯೇ ಉಳಿಯಲಿಲ್ಲ. ಅಳಿಯನ ಕರವಸ್ತ್ರ, ಮೊಮ್ಮಗಳ ಕಾಲುಚೀಲ, ಗೊಂಬೆಯ ಲಂಗ, ಕೊನೆಗೆ ನೆಲ ಒರೆಸುವ ಬಟ್ಟೆ ಕೂಡ ಗೀಟು ಹೊಡೆದಂಥ ಮಡಿಕೆಯಲ್ಲಿ ಬಕೆಟ್ಟಿನ ಮೇಲೆ ಕೂತಿರುತ್ತಿತ್ತು.

"ಅತ್ತೆ, ಇದರಲ್ಲಿ ನೆಲ ಒರೆಸಬೇಕೋ ಇಲ್ಲ ಕೊರಳಿಗೆ ಕಟ್ಟಿಕೊಂಡು ಆಫೀಸಿಗೆ ಹೋಗಬೇಕೋ?" ಎಂದು ಅಳಿಯ ಕೇಳಿದ್ದ. ಅಮ್ಮ ನಕ್ಕಿದ್ದಳು. ಮಗಳು ನಕ್ಕಿರಲಿಲ್ಲ.

ಆ ಭಾನುವಾರ ಬೆಳಗ್ಗೆ ಅವಳು ವಾಫಲ್ ಮಾಡಲು ನಿಂತದ್ದಕ್ಕೆ ಕಾರಣ ಇಬ್ಬರು. ಒಬ್ಬಳು ಐದು ವರ್ಷದ ಮಗಳು. ಸಿಹಿ ಎಲ್ಲಿದ್ದರೂ ಹುಡುಕಿಕೊಂಡು ಹೋಗುವುದರಿಂದ ಅಜ್ಜಿ ಅವಳನ್ನು ಇರುವೆ ಎನ್ನುತ್ತಿದ್ದಳು. ಗೆಳತಿಯ ಮನೆಯಲ್ಲಿ ಚಾಕೊಲೇಟ್ ವಾಫಲ್ ತಿಂದು ಬಂದ ದಿನದಿಂದ ಇರುವೆಗೆ ಬೇರೆ ಮಾತಿರಲಿಲ್ಲ. ಇನ್ನೊಬ್ಬರು ಕೆಳಗಿನ ಮಹಡಿಯವರು. ಮನೆ ಖಾಲಿ ಮಾಡುವಾಗ, ಗುಳಿಗುಳಿಯ ಎರಡು ಬಿಸಿ ಹಲಗೆಗಳ ನಡುವೆ ಹಿಟ್ಟನ್ನು ಬೇಯಿಸುವ ತಮ್ಮ ವಾಫಲ್ ಮೇಕರನ್ನು ಕೊಟ್ಟು ಹೋಗಿದ್ದರು. "ದೀಪ ಉರಿಯಲ್ಲ, ಆದ್ರೆ ಚೆನ್ನಾಗಿ ಕಾಯುತ್ತೆ" ಎಂದಿದ್ದರು. ಭಾನುವಾರ ತಿಂಡಿಯನ್ನೂ ಊಟವನ್ನೂ ಒಂದೇ ಮಾಡಿ, ಹನ್ನೊಂದರ ಹೊತ್ತಿಗೆ ಹೊಟ್ಟೆ ತುಂಬ ವಾಫಲ್ ತಿನ್ನುವುದೆಂದು ತೀರ್ಮಾನವಾಯಿತು. ಹನ್ನೆರಡು ಗಂಟೆ ದಾಟುವವರೆಗೆ ಕೈಗೊಂದು ಕೆಲಸ ಇದ್ದರೆ ಸಾಕು ಎಂದು ಅವಳಿಗೂ ಅನ್ನಿಸಿತ್ತು.

ಹಿಟ್ಟಿನ ಮಟ್ಟಿಗೆ ಹೆಸರಿಡುವಂತಿರಲಿಲ್ಲ. ಮೈದಾ ಮತ್ತು ಕೋಕೋ ಪುಡಿಯನ್ನು ತೂಗಿ ಎರಡು ಸಲ ಜರಡಿ ಹಿಡಿದಳು. ಚಿಟಿಕೆ ಉಪ್ಪು, ಬೇಕಿಂಗ್ ಪೌಡರ್, ಸಕ್ಕರೆ ಬೆರೆಸಿದಳು. ಮೊಟ್ಟೆಯ ಹಳದಿಯನ್ನು ಹಾಲು ಮತ್ತು ಕರಗಿಸಿದ ಬೆಣ್ಣೆಯ ಜೊತೆ ಕಲಸಿದಳು. ಬಿಳಿಯನ್ನು ಬೇರೆ ಬೋಗುಣಿಯಲ್ಲಿ, ಬೋಗುಣಿ ತಲೆಕೆಳಗು ಮಾಡಿದರೂ ಬೀಳದಷ್ಟು ನೊರೆಯಾಗುವವರೆಗೆ ಬಡಿದಳು. ಇರುವೆಯ ಒತ್ತಾಯಕ್ಕೆ ಅದನ್ನು ನಿಜವಾಗಿಯೂ ತಲೆಕೆಳಗು ಮಾಡಿ ತೋರಿಸಿದ್ದಾಯಿತು. ನೊರೆಯನ್ನು ಮೆಲ್ಲಗೆ ಹಿಟ್ಟಿಗೆ ಮಗುಚಿ, ಮೇಲೆ ದಪ್ಪ ದಪ್ಪ ಚಾಕೊಲೇಟ್ ತುಂಡು ಹಾಕಿದಳು.

ತೊಂದರೆ ಶುರುವಾದದ್ದು ಆಮೇಲೆ. ಅವಳು ಬರೆದಿಟ್ಟುಕೊಂಡ ಕಾಗದದಲ್ಲಿ "ದೀಪ ಹಸಿರಾದಾಗ ಹಿಟ್ಟು ಹಾಕಿ" ಎಂದಿತ್ತು. ದೀಪವೇ ಉರಿಯುತ್ತಿರಲಿಲ್ಲ. "ಹೊಂಬಣ್ಣ ಬರುವವರೆಗೆ ಬೇಯಿಸಿ" ಎಂದಿತ್ತು. ಹಿಟ್ಟು ಹಾಕುವಾಗಲೇ ಕಂದು, ಬೆಂದರೂ ಕಂದು. ಕಣ್ಣನ್ನೇ ನಂಬಿ ಬದುಕಿದವಳಿಗೆ ಕಣ್ಣೇ ಕೈಕೊಟ್ಟಿತು. ಮೊದಲ ವಾಫಲನ್ನು ಆಯಿತೋ ಏನೋ ಎಂದು ಎರಡೇ ನಿಮಿಷಕ್ಕೆ ಮುಚ್ಚಳ ಎತ್ತಿದಳು. ಅರ್ಧ ಮೇಲೆ ಹೋಯಿತು, ಅರ್ಧ ಕೆಳಗೆ ಉಳಿಯಿತು, ನಡುವೆ ಹಸಿ ಹಿಟ್ಟು ಅಂಟಂಟಾಗಿ ಜೋತುಬಿತ್ತು. ಮರದ ಕಡ್ಡಿಯಿಂದ ಗುಳಿ ಗುಳಿಯನ್ನೂ ಕೆರೆದು ಎರಡನೆಯದು ಹಾಕಿ, ಈ ಸಲ ಮುಟ್ಟಲೇಬಾರದೆಂದು ಕೈಕಟ್ಟಿ ನಿಂತಳು. ಚಾಕೊಲೇಟ್ ತುಂಡುಗಳು ಸುಟ್ಟು, ಕಮಟು ಹೊಗೆ ಎದ್ದು, ಇರುವೆ ಮೂಗು ಮುಚ್ಚಿಕೊಂಡಿತು.

"ಮನೆ ಸೋರುವ ಕಡೆ ಹೊದಿಸಬಹುದು, ಬಿಸಾಡಬೇಡ" ಎಂದು ಗಂಡ ಆ ಕರಿ ತುಂಡನ್ನು ಮೇಜಿಗೆ ಬಡಿದು ನೋಡಿದ.

"ಹೋಗ್ರೀ, ಇನ್ನೊಂದು ಚಾಕೊಲೇಟ್ ತನ್ನಿ. ಹಾಗೇ ಕ್ರೀಮೂ ತನ್ನಿ."

ಅವನು ಚೀಲ ಹಿಡಿದು ಮೆಟ್ಟಿಲಿಳಿದ. ಇರುವೆಯ ಕೆಳತುಟಿ ಮುಂದಕ್ಕೆ ಬಂದಿತ್ತು. ಗೋಡೆಯ ಮೇಲೆ ಗಂಟೆ ಹತ್ತೂ ಮುಕ್ಕಾಲು.

ಅಮ್ಮ ಎಷ್ಟು ಹೊತ್ತಿನಿಂದ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳೋ. ಹೊಗೆಗೆ ಬಂದಿರಬೇಕು. ವಾಫಲ್ ಮೇಕರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಮುಚ್ಚಳದ ಒಳಮೈ ನೋಡಿ, "ಇದೇನೇ ಇದು, ಎರಡು ಇಸ್ತ್ರಿಪೆಟ್ಟಿಗೆ ಮುಖಕ್ಕೆ ಮುಖ ಹಚ್ಚಿ ಕೂತ ಹಾಗಿದೆ" ಎಂದಳು.

"ಅದು ಸಿಕ್ಕಾಪಟ್ಟೆ ಬಿಸಿ ಇದೆ ಅಮ್ಮ, ದೂರ ಇರು."

ಅಮ್ಮ ಮಗಳ ಮುಖವನ್ನು ಒಮ್ಮೆ ನೋಡಿದಳು. "ಬಿಸಿ ಇದೆಯಾ? ಹೌದೇನು" ಎಂದು, ನಲ್ಲಿಯ ನೀರಿಗೆ ಬೆರಳು ಅದ್ದಿ ಒಂದು ಹನಿ ಚಿಮುಕಿಸಿದಳು. ಹನಿ ನೆಗೆದು, ಉರುಳಿ, ಒಂದು ಗುಳಿಯಿಂದ ಇನ್ನೊಂದಕ್ಕೆ ಓಡಿ ಮಾಯವಾಯಿತು.

"ಇದು ಹತ್ತಿ ಬಟ್ಟೆ ಕಾವು. ನಿನ್ನ ಹಿಟ್ಟಿನಲ್ಲಿ ಸಕ್ಕರೆ ಇದೆ ತಾನೆ? ಸಕ್ಕರೆ ಅಂದ್ರೆ ಗಂಜಿ ಇದ್ದ ಹಾಗೆ. ಗಂಜಿ ಹಾಕಿದ ಬಟ್ಟೆಗೆ ಕಾವು ಒಂದು ಮೆಟ್ಟಿಲು ಇಳಿಸ್ಬೇಕು. ಇಲ್ಲಾಂದ್ರೆ ತಳಕ್ಕೆ ಕಚ್ಚಿಕೊಳ್ಳುತ್ತೆ." ಅಂಕಿಯೆಲ್ಲ ಅಳಿಸಿಹೋಗಿದ್ದ ಕಾವಿನ ತಿರುಗಣೆಯನ್ನು ಅವಳು ಎಡಕ್ಕೆ ಇಷ್ಟೇ ಇಷ್ಟು ತಿರುಗಿಸಿದಳು. "ಆಮೇಲೆ ಈ ದಪ್ಪ ತುಂಡು ಯಾಕೆ ಹಾಕಿದೆ? ಅಂಗಿ ಗುಂಡಿ ಮೇಲೆ ಇಸ್ತ್ರಿ ಇಟ್ರೆ ಏನಾಗುತ್ತೆ?"

"ಕರಗಿ ಅಂಟುತ್ತೆ" ಎಂದಳು ಮಗಳು. ಮೇಜಿನ ಕೆಳಗೆ ಕೂತು ಕಲಿತ ಪಾಠ, ತಡವರಿಸದೆ ಬಂತು.

"ಗೊತ್ತಿದ್ದೂ ಹಾಕಿದೀಯಲ್ಲ. ತೆಗೆದು ಸಣ್ಣಗೆ ಹೆಚ್ಚಿ ಹಿಟ್ಟಿನೊಳಗೆ ಸೇರಿಸು. ಇರುವೆ, ನೀನು ಆ ಕುರ್ಚಿ ಮೇಲೆ. ಅಜ್ಜಿ ಬಿಸಿ ಅಂದಾಗ ಕೈ ಎಲ್ಲಿರ್ಬೇಕು?"

"ಎಲ್ಲಿ?"

"ಬೆನ್ನ ಹಿಂದೆ. ಲಾಂಡ್ರಿಯಲ್ಲಿ ದೊಡ್ಡ ದೊಡ್ಡ ಗಂಡಸರೂ ಹಾಗೇ ನಿಲ್ಲೋದು."

ಇರುವೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೊಡ್ಡ ಗಂಡಸಿನಂತೆ ಎದೆ ಸೆಟೆಸಿ ಕೂತಿತು. ಅಮ್ಮ "ಬಿಸಿ" ಎಂದು ಹೇಳಿ ಮುಚ್ಚಳ ಎತ್ತಿ, ಒಂದೇ ಸೌಟು ಹಿಟ್ಟು ನಡುವೆ ಸುರಿದು, ಮುಚ್ಚಿದಳು. ಮಗಳು ಗಡಿಯಾರದ ಕಡೆ ತಿರುಗಿದಳು.

"ಗಡಿಯಾರ ಬಿಡು. ಅದಕ್ಕೇನು ಗೊತ್ತು? ಹಬೆ ನೋಡು."

ಮುಚ್ಚಳದ ಅಂಚಿನಿಂದ ಹಬೆ ದಪ್ಪವಾಗಿ ನುಗ್ಗಿತು. ಬುಸುಬುಸು ಸದ್ದು. ಅಮ್ಮ ಸೊಂಟದ ಮೇಲೆ ಕೈಯಿಟ್ಟು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಬಟ್ಟೆಯಲ್ಲಿ ನೀರಿರುವವರೆಗೆ ಹಬೆ ಬರುತ್ತದೆ; ಹಬೆ ಬರುವಾಗ ಎತ್ತಿದರೆ ನೆರಿಗೆ ಕೂರುವುದಿಲ್ಲ; ನಿಂತ ಮೇಲೂ ಇಟ್ಟರೆ ಬಟ್ಟೆ ಹಳದಿಯಾಗುತ್ತದೆ. ಅಮ್ಮ ಹೇಳಿಕೊಟ್ಟದ್ದು ಅಷ್ಟೇ. ಹಬೆ ತೆಳುವಾಯಿತು. ಸದ್ದು ಪಿಸುಮಾತಾಯಿತು. ಕೊನೆಗೆ ದಾರದೆಳೆಯಂಥದ್ದೊಂದು ಹೊರಬಂದು, ಅದೂ ನಿಂತಿತು.

"ಬಿಸಿ" ಎಂದಳು ಅಮ್ಮ.

ಮುಚ್ಚಳ ಸದ್ದಿಲ್ಲದೆ ಎದ್ದಿತು. ವಾಫಲ್ ತಾನಾಗಿಯೇ ತಳ ಬಿಟ್ಟು ನಿಂತಿತ್ತು. ಕಡುಕಂದು, ಒಂದೊಂದು ಚೌಕವೂ ಒಂದೇ ಆಳ, ಒಂದೊಂದು ಗೆರೆಯೂ ನೆಟ್ಟಗೆ. ಮಗಳು ತಟ್ಟೆ ಮುಂದೆ ಹಿಡಿದಳು.

"ತಟ್ಟೆ ಬೇಡ, ತಂತಿ ಜಾಲರಿ ತಾ. ಬಿಸಿ ನೆರಿಗೆನ ಒಂದರ ಮೇಲೊಂದು ಪೇರಿಸಿದ್ರೆ ಒಳಗಿನ ಹಸಿ ಹೋಗಕ್ಕೆ ದಾರಿ ಇರಲ್ಲ. ಅಲ್ಲೇ ಸೊರಗಿ ಮಲಗಿಬಿಡುತ್ತೆ. ಗಾಳಿ ಆಡ್ಬೇಕು."

ಜಾಲರಿಯ ಮೇಲೆ ಎರಡು ನಿಮಿಷ ಇಟ್ಟು ಮುರಿದಾಗ ಅದು ಕರಕರ ಎಂದಿತು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಡುನಡುವೆ ಕರಗಿದ ಚಾಕೊಲೇಟ್. ಇರುವೆ ಕೈಯನ್ನು ಬೆನ್ನ ಹಿಂದಿನಿಂದ ತೆಗೆಯದೆ ಬಾಯಿ ಮಾತ್ರ ಮುಂದೆ ಚಾಚಿತು. ಅಜ್ಜಿ ತುಂಡನ್ನು ಬಾಯಿಗಿಟ್ಟಳು.

"ಅಮ್ಮನಿಗಿಂತ ಅಜ್ಜಿ ಜಾಣೆ" ಎಂದು ತೀರ್ಪಾಯಿತು.

"ನಿಮ್ಮಮ್ಮನ ಹಿಟ್ಟು ಕಣೇ ಅದು. ನಾನು ಬರೀ ಇಸ್ತ್ರಿ ಮಾಡಿದೆ" ಎಂದಳು ಅಮ್ಮ.

ಮಗಳೂ ಒಂದು ತುಂಡು ಬಾಯಿಗಿಟ್ಟಳು. ಬಾಯೊಳಗಿನ ವಾಫಲ್ ಎಷ್ಟು ಚೆನ್ನಾಗಿತ್ತೋ ಎದೆಯೊಳಗಿನ ಗುಟ್ಟು ಅಷ್ಟೇ ಭಾರವಾಗಿತ್ತು. ಅಮ್ಮ ಎರಡನೆಯದು ಹಾಕಿದಳು, ಮೂರನೆಯದು ಹಾಕಿದಳು. ಮಗಳು ಮೈಯೆಲ್ಲ ಕಣ್ಣಾಗಿ ಆ ಕೈಗಳನ್ನೇ ನೋಡುತ್ತಿದ್ದಳು. ನಡುಗುತ್ತವೆಯೇ? ಇಲ್ಲ. ಸೌಟು ಪ್ರತಿ ಸಲವೂ ನಡುವಿನ ಗುಳಿಗೇ ಹೋಗುತ್ತಿತ್ತು. ಹಿಡಿಕೆಗೆ ಒಣ ಬಟ್ಟೆ, ಒದ್ದೆ ಬಟ್ಟೆ ದೂರದ ಮೊಳೆಗೆ. ಪ್ರತಿ ಸಲವೂ "ಬಿಸಿ" ಎಂಬ ಮಾತು, ಅಡುಗೆಮನೆಯಲ್ಲಿ ತಾನೂ ಐದು ವರ್ಷದ ಕೂಸೂ ಅಷ್ಟೇ ಇದ್ದರೂ. ಈ ಹೆಂಗಸು ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ತಾನು ಫೋನಿನಲ್ಲಿ ಹೇಳಿದ್ದಳಲ್ಲ. ನೋಡದೆಯೇ ಹೇಳಿದ್ದಳು. ನಾಲ್ಕು ಸಲ ಓದದೆ ಒಂದು ಚೀಟಿಗೂ ಸಹಿ ಹಾಕದವಳು.

ನಾಲ್ಕನೆಯದನ್ನು ತಾನೇ ಮಾಡುತ್ತೇನೆಂದು ಅವಳು ಮುಂದೆ ಬಂದಳು. ಹಬೆ ಕಂಡಳು, ಸದ್ದು ಕೇಳಿದಳು, "ಬಿಸಿ" ಎಂದು ಹೇಳಿ ಮುಚ್ಚಳ ಎತ್ತಿದಳು. ಅಷ್ಟರಲ್ಲಿ ಕಟ್ಟೆಯ ಆ ತುದಿಯಲ್ಲಿದ್ದ ಅವಳ ಫೋನ್ ಹೊಡೆದುಕೊಂಡಿತು. ಲಾಂಡ್ರಿಯದೇ ಇರಬೇಕೆಂದು ಅವಳಿಗೆ ದಿಗಿಲಾಯಿತು. ಒಂದು ಕೈಯಲ್ಲಿ ಕಾದ ಮುಚ್ಚಳ ಹಿಡಿದಿದ್ದಂತೆಯೇ ಇನ್ನೊಂದು ಕೈಯನ್ನು ಅದರ ಮೇಲಿಂದ ಫೋನಿಗೆ ಚಾಚಿದಳು.

ಅಮ್ಮ ಅವಳ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದಳು. ನೋವಾಗುವಷ್ಟು ಬಿಗಿಯಾಗಿ.

"ಮುಚ್ಚಳ ಇಡು ಮೊದಲು."

ಅವಳು ಇಟ್ಟಳು. ಫೋನ್ ತಾನೇ ಸುಮ್ಮನಾಯಿತು. ಪರದೆಯ ಮೇಲೆ ಗಂಡನ ಹೆಸರಿತ್ತು. ಯಾವ ಕ್ರೀಮು ಎಂದು ಕೇಳಲು ಮಾಡಿರಬೇಕು.

"ಬಿಸಿ ಮುಂದೆ ಇರುವಾಗ ಫೋನ್ ಮುಟ್ಬಾರ್ದು. ಅದನ್ನ ನಾನು ಕಲಿತಾಯ್ತು. ನೀನೂ ಬೇರೆ ಕಲೀಬೇಡ" ಎಂದು ಅಮ್ಮ ಅವಳ ಕೈ ಬಿಟ್ಟು, ಬೆಂದ ವಾಫಲನ್ನು ಜಾಲರಿಗೆ ಎತ್ತಿ ಹಾಕಿದಳು.

ಮಗಳಿಗೆ ಆ ಮಾತಿನ ಒಂದು ತುದಿ ಸಿಕ್ಕಿತು. ಅಮ್ಮನ ಕೈಯ ಮೇಲಿನ ಕಲೆಯನ್ನೇ ನೋಡಿದಳು.

"ಅಮ್ಮ, ಆವತ್ತು ನಿನಗೆ ಫೋನ್ ಬಂದಿತ್ತಾ?"

"ಹಳೇ ಕತೆ ಬಿಡೇ."

"ಯಾರದು?"

ಅಮ್ಮ ಸೌಟನ್ನು ಬೋಗುಣಿಯ ಅಂಚಿಗೆ ಒರಗಿಸಿದಳು. "ಇನ್ಯಾರದು? ಹನ್ನೊಂದಕ್ಕೆ ಒಂದು, ಊಟಕ್ಕೆ ಒಂದು, ನಾಲ್ಕಕ್ಕೆ ಒಂದು ನನಗೆ ಯಾರು ಫೋನ್ ಮಾಡೋರು? ಆವತ್ತು ಎತ್ತಕ್ಕಾಗಲಿಲ್ಲ, ಕೈಯಲ್ಲಿ ಕೆಲಸ ಇತ್ತು. ನೀನು ಬಿಡ್ತೀಯಾ? ಮೇಲಿಂದ ಮೇಲೆ ನಾಲ್ಕು ಸಲ ಹೊಡೀತು. ಕೂಸಿಗೆ ಏನೋ ಆಗ್ಹೋಯ್ತು ಅಂತ ನನ್ನ ಕೈಕಾಲು ಆಡಲಿಲ್ಲ. ಪೆಟ್ಟಿಗೆನ ಅದರ ಜಾಗದಲ್ಲಿ ಇಡದೇನೇ ಫೋನಿಗೆ ಕೈ ಹಾಕಿದೆ."

"ನಾನು... ಯಾಕೆ ಮಾಡಿದ್ದೆ?"

"ಊಟ ಆಯ್ತಾ ಅಂತ ಕೇಳಕ್ಕೆ."

ಕುರ್ಚಿಯ ಮೇಲಿನ ಇರುವೆ ಬಾಯಿ ಆಡಿಸುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿತು. ಮಗಳು ಕಟ್ಟೆಗೆ ಒರಗಿ ನಿಂತಳು. ಅಮ್ಮನಿಗೆ ಏನೂ ಆಗಬಾರದೆಂದು ದಿನಕ್ಕೆ ಮೂರು ಸಲ ಕಾವಲು ಕಾದವಳೇ ಆ ಗಾಯವನ್ನು ತಂದು ಹಾಕಿದ್ದಳು. ಆ ಗಾಯವನ್ನು ಮುಂದಿಟ್ಟುಕೊಂಡು ಅಮ್ಮನ ಕೆಲಸವನ್ನೂ ಕಿತ್ತುಕೊಂಡಿದ್ದಳು.

"ಒಂದು ಮಾತು ಹೇಳ್ಬಾರದಾಗಿತ್ತಾ ಅಮ್ಮ?"

"ಹೇಳಿದ್ರೆ ಅದನ್ನೂ ನಿನ್ನ ಮೂಟೆಗೆ ಸೇರಿಸ್ಕೊಂಡು ತಿಂಗಳುಗಟ್ಟಲೆ ಹೊರ್ತಿದ್ದೆ. ಗೊತ್ತಿಲ್ವಾ ನಿನ್ನ ಹಣೆಬರಹ?"

ಗಂಟೆ ಹನ್ನೊಂದೂ ಇಪ್ಪತ್ತು. ಇನ್ನು ಹೇಳದಿದ್ದರೆ ಹೇಳುವ ಹೊತ್ತೇ ಇರುವುದಿಲ್ಲ.

"ಲಾಂಡ್ರಿಯವರು ನಿನ್ನನ್ನ ರೆಸ್ಟ್ ತಗೋ ಅಂತ ಹೇಳಲೇ ಇಲ್ಲಮ್ಮ. ನೀನು ಇನ್ನು ಬರಲ್ಲ ಅಂತ ನಾನೇ ಅವರಿಗೆ ಹೇಳಿದೆ. ಅವರು ಇವತ್ತಿನವರೆಗೂ ನಿನ್ನ ಮೇಜು ಹಾಗೇ ಇಟ್ಟಿದಾರೆ. ಹನ್ನೆರಡರೊಳಗೆ ಫೋನ್ ಹೋಗದಿದ್ರೆ ನಾಳೆ ಬೇರೆಯವರಿಗೆ ಕೊಡ್ತಾರೆ."

ಅಮ್ಮ ಬೈಯುತ್ತಾಳೆಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಅಮ್ಮ ಒಂದು ಸೌಟು ಹಿಟ್ಟು ತೆಗೆದು, "ಬಿಸಿ" ಎಂದು ಹೇಳಿ, ಸುರಿದು, ಮುಚ್ಚಿದಳು. ಹಬೆ ಎದ್ದಿತು. ತೆಳುವಾಗಿ ನಿಂತಿತು. ವಾಫಲನ್ನು ಜಾಲರಿಗೆ ಹಾಕಿದ ಮೇಲೆ ಅಮ್ಮ ಅತ್ತ ತಿರುಗಿಯೇ ಕೇಳಿದಳು.

"ಆರು ವಾರ ಆ ಫೋನನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ. ನೋಡ್ತಾ ಇದ್ದೆ ತಾನೆ?"

"ನೋಡ್ತಾ ಇದ್ದೆ."

"ಮೂವತ್ತೊಂದು ವರ್ಷ ಕಣೇ. ನನ್ನ ಕೈಯಿಂದ ಹೋದ ಒಂದು ಬಟ್ಟೆ ವಾಪಸ್ ಬಂದಿಲ್ಲ. ಸುಟ್ಟುಕೊಂಡ ನನ್ನನ್ನ ಅವರು ಬೇಡ ಅಂದ್ರು ಅಂತಾನೇ ಅಂದ್ಕೊಂಡಿದ್ದೆ. ಇಷ್ಟು ವರ್ಷ ಆದ್ಮೇಲೆ ಒಂದು ಕರೆ ಮಾಡಿ ಹೇಳಕ್ಕೂ ಆಗಲಿಲ್ವಲ್ಲ ಅಂತ." ಅವಳ ದನಿ ಏರಲಿಲ್ಲ. "ಭಯ ನಿನ್ನದು. ಮೇಜು ನನ್ನದು. ಒಂದು ಮಾತು ನನ್ನನ್ನ ಕೇಳ್ಬೇಕಿತ್ತು."

"ಕೇಳ್ಬೇಕಿತ್ತು."

ಗಂಡ ಚೀಲ ಹಿಡಿದು ಒಳಗೆ ಬಂದವನು ಬಾಗಿಲಲ್ಲೇ ನಿಂತ. ಜಾಲರಿಯ ಮೇಲೆ ಸಾಲಾಗಿ ಕೂತ ವಾಫಲುಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಅತ್ತೆಯ ಬೆನ್ನು ನೋಡಿದ. ಏನೋ ತಮಾಷೆ ಹೇಳಹೊರಟವನು ಅದನ್ನು ನುಂಗಿಕೊಂಡು ಕ್ರೀಮಿನ ಪೊಟ್ಟಣ ಬಿಡಿಸುತ್ತ ಕೂತ. ಬುದ್ಧಿವಂತ.

"ಮತ್ತೆ ಸುಟ್ಟುಕೊಂಡ್ರೆ?" ಎಂದಳು ಮಗಳು. ಕೇಳಬಾರದೆಂದುಕೊಂಡಿದ್ದ ಮಾತು, ಬಾಯಿ ಕೇಳಲಿಲ್ಲ.

"ಸುಟ್ಟುಕೋಬಹುದು. ಬೆಂಕಿ ಕೆಲಸ ಅಲ್ವಾ? ನಿನ್ನ ಅಡುಗೆಮನೆಯಲ್ಲೂ ಸುಟ್ಟುಕೋಬಹುದು, ಬಸ್ಸು ಹತ್ತೋವಾಗ ಬೀಳಬಹುದು. ಅದನ್ನೆಲ್ಲ ನಾನು ನೋಡ್ಕೋತೀನಿ. ನೀನು ನಾಲ್ಕು ಸಲ ಫೋನ್ ಹೊಡೀದೇ ಇದ್ರೆ ಸಾಕು." ಅಮ್ಮ ಈಗ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ತುಟಿಯ ಮೂಲೆಯಲ್ಲಿ ಸಣ್ಣದೊಂದು ನಗೆಯೂ ಇತ್ತು. "ಊಟ ಆಯ್ತು ಅಂತ ನಾನೇ ಮಾಡ್ತೀನಿ, ಕೈ ಖಾಲಿ ಇದ್ದಾಗ."

ಬೋಗುಣಿಯಲ್ಲಿ ಇನ್ನೊಂದೇ ಸೌಟಿನಷ್ಟು ಹಿಟ್ಟಿತ್ತು. ಅಮ್ಮ ಅದನ್ನು ಮಗಳ ಕಡೆ ತಳ್ಳಿದಳು. ಮಗಳು ಹಿಟ್ಟು ಸುರಿದಳು, ಮುಚ್ಚಿದಳು, ಗಡಿಯಾರ ನೋಡಲಿಲ್ಲ. ಹಬೆಯ ಆಚೆ ಅಮ್ಮ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ, ಆ ಕಿಟಕಿಯ ಕೆಳಗೆ ನಿಲ್ಲುತ್ತಿದ್ದ ಹಾಗೆಯೇ. ಈ ಹೆಂಗಸು ತನ್ನ ಅಮ್ಮ ಎಂದು ಮಗಳಿಗೆ ಎದೆ ತುಂಬಿ ಬಂತು. ಬಣ್ಣ ಕಾಣದ ಹಿಟ್ಟನ್ನು ಕಿವಿಯಿಂದ ಬೇಯಿಸಿದವಳು, ಎಂದೂ ಕಾಣದ ಯಂತ್ರವನ್ನು ಒಂದು ಹನಿ ನೀರಿನಿಂದ ಓದಿದವಳು. ತಾನು ಓದಿದ ಶಾಲೆ, ಕೂತ ಕುರ್ಚಿ, ಈ ಮನೆಯ ನಾಲ್ಕು ಗೋಡೆ, ಎಲ್ಲದಕ್ಕೂ ಬುಡ ಆ ಮೇಜು. ಅಲ್ಲಿ ಬೇರೆ ಯಾರೋ ಬಂದು ನಿಲ್ಲಲು ತಾನೇ ದಾರಿ ಮಾಡಿಕೊಟ್ಟಿದ್ದಳು.

ಹಬೆ ನಿಂತಿತು. ವಾಫಲ್ ಹರಿಯದೆ ಎದ್ದು ಬಂತು. ಅದನ್ನು ಜಾಲರಿಗೆ ಹಾಕಿ, ಪ್ಲಗ್ ತೆಗೆದು, ಕೈ ತೊಳೆದು ಒರೆಸಿಕೊಂಡು ಮಗಳು ಫೋನ್ ಎತ್ತಿದಳು.

"ಒಳಗೆ ಹೋಗಿ ಮಾಡ್ಲಾ?"

"ಇಲ್ಲೇ ಮಾಡು. ನನ್ನ ಮುಂದೆ" ಎಂದಳು ಅಮ್ಮ.

ಮೂರನೆಯ ಸದ್ದಿಗೆ ಮೇಲ್ವಿಚಾರಕಿ ಎತ್ತಿದಳು. ಹಿಂದೆ ಬಟ್ಟೆ ತಿರುಗುವ ಯಂತ್ರಗಳ ಗುಡುಗುಡು ಕೇಳುತ್ತಿತ್ತು. ಭಾನುವಾರವೂ ಹೋಟೆಲುಗಳ ಹಾಸಿಗೆ ಬಟ್ಟೆ ಬರುತ್ತದೆ.

"ನಾನು ನೆರಿಗೆಯಮ್ಮನ ಮಗಳು ಮಾತಾಡ್ತಿರೋದು" ಎಂದಳು ಅವಳು. "ಅಮ್ಮ ಕೆಲಸ ಬಿಡ್ತೀನಿ ಅಂತ ಯಾವತ್ತೂ ಹೇಳಿಲ್ಲ. ಅವರನ್ನ ಕೇಳದೇನೇ ನಾನು ಹೇಳಿದ್ದೆ. ತಪ್ಪು ನನ್ನದು. ಅವರ ಕೈ ಚೆನ್ನಾಗಿದೆ, ಈಗಷ್ಟೇ ಕಣ್ಣಾರೆ ನೋಡಿದೆ. ನಾಳೆಯಿಂದ ಬರ್ತಾರೆ."

ಯಂತ್ರಗಳ ಸದ್ದಿನ ಮೇಲೆ ಮೇಲ್ವಿಚಾರಕಿ ದನಿ ಏರಿಸಿ ಕೇಳಿದಳು.

"ಇದನ್ನ ಈಗ ಅವರು ಹೇಳ್ತಿದಾರೋ, ಮತ್ತೆ ನೀವೇನೋ?"

ಕೇಳಬೇಕಾದ ಪ್ರಶ್ನೆಯೇ. ಮಗಳು ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಅದನ್ನು ಕಿವಿಗಿಟ್ಟು, "ಹೂಂ, ನಾನೇ" ಎಂದಳು. "ಹೂಂ. ವಾಸಿಯಾಗಿ ತಿಂಗಳಾಯ್ತು." ಆಮೇಲೆ ಆ ಕಡೆಯ ಮಾತು ಕೇಳಿಸಿಕೊಂಡಳು. ಹಾಡುಗಾರರ ತಂಡವೊಂದರ ನೆರಿಗೆ ಲಂಗಗಳು ಬಂದಿವೆಯಂತೆ, ಮೂವತ್ತಾರಂತೆ, ಹದಿನೈದು ದಿನದಿಂದ ಮೂಲೆಯಲ್ಲಿ ಬಿದ್ದಿವೆಯಂತೆ, ಮುಟ್ಟಲು ಯಾರಿಗೂ ಧೈರ್ಯವಿಲ್ಲವಂತೆ. ಅಷ್ಟೂ ಇತ್ತ ನಿಂತ ಮಗಳಿಗೂ ಕೇಳುತ್ತಿತ್ತು.

"ಒಂದೊಂದಕ್ಕೆ ಎಷ್ಟು ನೆರಿಗೆ?" ಎಂದು ಕೇಳಿದಳು ಅಮ್ಮ. ಉತ್ತರ ಕೇಳಿ ತಲೆಯಾಡಿಸಿದಳು. "ಯಾರೂ ಕೈ ಹಾಕೋದು ಬೇಡ ಅನ್ನಿ. ನಾನು ಬರ್ತೀನಿ."